ಗೋದಾಮಿನ ಯಂತ್ರಜಾಲಕ್ಕೆ ರೂಟರ್ ಕೂರಿಸುವ ಕ್ರಮ



ಕಳೆದ ಮಹಾಸಭೆಯಲ್ಲಿ ಜಮಾಖರ್ಚು ಓದಿ ಮುಗಿಸುತ್ತಿದ್ದಂತೆ, ಗುಂಡ್ಲುಪೇಟೆ ಕಡೆಯ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. "ಕಾರ್ಯದರ್ಶಿಗಳೇ, ಗೋದಾಮಿನ ಗೋಡೆ ಮ್ಯಾಲ ಎರಡು ಡಬ್ಬ ಕೂರ್ಸೀರಿ. ಮಿಣಮಿಣ ಅಂತವ. ಅವು ಮಾಡೋ ಕೆಲ್ಸ ಏನು ಅಂತ ನಮಗೂ ತಿಳ್ಕೊಡಿ. ದುಡ್ಡು ನಮ್ದು ತಾನೆ?" ಸಭೆ ನಕ್ಕಿತು. ಪ್ರಶ್ನೆ ಮಾತ್ರ ನ್ಯಾಯವಾದುದು. ಅಂದು ಊಟದ ಹೊತ್ತಾಗಿದ್ದರಿಂದ, ಪತ್ರಿಕೆಯಲ್ಲಿ ಬರೆಯುತ್ತೇನೆಂದು ಮಾತು ಕೊಟ್ಟು ಕುಳಿತೆ. ಆ ಮಾತನ್ನು ಈ ಸಂಚಿಕೆಯಲ್ಲಿ ಸಲ್ಲಿಸುತ್ತಿದ್ದೇನೆ. ಡಿಪ್ಲೊಮಾ ಓದಿ ಮನೆಯಲ್ಲಿರುವ ಸದಸ್ಯರ ಮಕ್ಕಳು ಇದನ್ನು ಎರಡು ಸಲ ಓದಬೇಕೆಂದು ಕೋರುತ್ತೇನೆ. ಬಂಡೀಪುರದ ಸುತ್ತಲಿನ ವಸತಿಗೃಹಗಳಲ್ಲಾಗಲಿ, ಮೈಸೂರಿನ ಆಸ್ಪತ್ರೆಗಳಲ್ಲಾಗಲಿ ಇದೇ ವಿದ್ಯೆಗೆ ಕೆಲಸವುಂಟು.

ಮೊದಲು ನಮ್ಮಲ್ಲಿ ಏನಿದೆ ಎಂಬುದನ್ನು ನೋಡೋಣ. ಗೋದಾಮಿನಲ್ಲಿ ಕಾಫಿಗೆ ಒಂದು ಕೋಣೆ, ಅಡಿಕೆಗೆ ಒಂದು ಕೋಣೆ. ಕಾಫಿ ಕೋಣೆಯಲ್ಲಿ ಬಿಸಿಗಾಳಿಯ ಡ್ರೈಯರ್, ಗಾಳಿ ಹೊರಕ್ಕೆಳೆಯುವ ಫ್ಯಾನುಗಳು, ತೇವಾಂಶ ಮತ್ತು ಉಷ್ಣಾಂಶ ಅಳೆಯುವ ಮಾಪಕ, ಜನರೇಟರಿನ ಫಲಕ, ನೀರಿನ ಪಂಪು, ಹೀಗೆ ಐದು ನಿಯಂತ್ರಕಗಳಿವೆ. ಅಡಿಕೆ ಕೋಣೆಯಲ್ಲಿ ನಾಲ್ಕು. ಒಂದೊಂದೂ ತನ್ನ ಕೆಲಸವನ್ನು ತಾನೇ ಮಾಡಬಲ್ಲದು. ಆದರೆ 180 ಮೀಟರ್ ದೂರದ ಕಚೇರಿಯಲ್ಲಿ ಕುಳಿತ ಗುಮಾಸ್ತರಿಗೆ ಒಳಗಿನ ಸ್ಥಿತಿ ತಿಳಿಯಬೇಕಾದರೆ ಇವೆಲ್ಲವೂ ಒಂದೇ ಭಾಷೆಯಲ್ಲಿ ಮಾತನಾಡಬೇಕು. ಆ ಭಾಷೆಯ ಹೆಸರು ಬ್ಯಾಕ್‌ನೆಟ್. ಅಮೆರಿಕದ ಆಶ್ರೇ ಎಂಬ ಎಂಜಿನಿಯರುಗಳ ಸಂಘವು ಇದಕ್ಕಾಗಿ ಸಮಿತಿ ಕೂಡಿಸಿದ್ದು 1987ರಲ್ಲಿ, ನಿಯಮಾವಳಿ ಅಚ್ಚಾದದ್ದು 1995ರಲ್ಲಿ. ಒಬ್ಬ ತಯಾರಕರ ಯಂತ್ರಕ್ಕೆ ಇನ್ನೊಬ್ಬ ತಯಾರಕರ ಯಂತ್ರದ ಮಾತು ತಿಳಿಯದೆ ಗಿರಾಕಿ ಒಂದೇ ಅಂಗಡಿಗೆ ಜೀತ ಬೀಳುತ್ತಿದ್ದುದನ್ನು ತಪ್ಪಿಸುವುದೇ ಅದರ ಉದ್ದೇಶ. 2003ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯೂ ಅದನ್ನು ಅಂಗೀಕರಿಸಿತು.

ಭಾಷೆ ಒಂದೇ ಆದರೂ ಅದು ಸಾಗುವ ದಾರಿ ಎರಡು. ಗೋದಾಮಿನೊಳಗೆ ಯಂತ್ರದಿಂದ ಯಂತ್ರಕ್ಕೆ ಹೆಣೆದ ಜೋಡಿ ತಂತಿ ಹೋಗುತ್ತದೆ. ಆ ತಂತಿಯ ಲೆಕ್ಕಕ್ಕೆ ಆರ್.ಎಸ್. 485 ಎಂದೂ, ಅದರ ಮೇಲಿನ ಮಾತಿನ ಕ್ರಮಕ್ಕೆ ಎಂ.ಎಸ್.ಟಿ.ಪಿ. ಎಂದೂ ಹೆಸರು. ಈ ಕ್ರಮ ನಮ್ಮ ತೋಟಗಳ ನೀರಿನ ಸರದಿಯಂತೆಯೇ ಇದೆ. ಕಾಲುವೆ ಒಂದು, ತೋಟ ಒಂಬತ್ತು, ಗುದ್ದಲಿ ಯಾರ ಕೈಯಲ್ಲಿದೆಯೋ ಅವರು ಮಡೆ ತಿರುಗಿಸಿಕೊಳ್ಳಬೇಕು, ಆದ ಮೇಲೆ ಪಕ್ಕದವರಿಗೆ ಗುದ್ದಲಿ ಕೊಡಬೇಕು. ಇಲ್ಲಿ ಗುದ್ದಲಿಯ ಬದಲು ಟೋಕನ್ ಎನ್ನುತ್ತಾರೆ. ಟೋಕನ್ ಕೈಯಲ್ಲಿಲ್ಲದ ಯಂತ್ರ ತಾನಾಗಿ ಬಾಯಿ ತೆರೆಯುವಂತಿಲ್ಲ. ಕಚೇರಿಯ ಕಂಪ್ಯೂಟರಿನ ದಾರಿಯೇ ಬೇರೆ. ಅದು ಈಥರ್‌ನೆಟ್ ಕೇಬಲಿನ ಮೇಲೆ ಐ.ಪಿ. ವಿಳಾಸಗಳ ಲೆಕ್ಕದಲ್ಲಿ ಮಾತನಾಡುತ್ತದೆ, ಸರದಿ ಕಾಯುವುದಿಲ್ಲ. ಈ ಎರಡು ದಾರಿಗಳು ಕೂಡುವ ಜಾಗದಲ್ಲಿ ನಿಂತು, ಆ ಕಡೆಯ ಕಾಗದವನ್ನು ಈ ಕಡೆಗೂ ಈ ಕಡೆಯದನ್ನು ಆ ಕಡೆಗೂ ವಿಳಾಸ ನೋಡಿ ದಾಟಿಸುವುದೇ ಗೋಡೆಯ ಮೇಲಿನ ಡಬ್ಬ. ಅದೇ ರೂಟರು.

ಇಲ್ಲೊಂದು ಎಚ್ಚರಿಕೆ ಹೇಳಬೇಕು. ಮನೆಯ ಇಂಟರ್‌ನೆಟ್ಟಿಗೆ ಇಟ್ಟುಕೊಳ್ಳುವ, ಎರಡು ಕೊಂಬಿನ ಡಬ್ಬಕ್ಕೂ ರೂಟರ್ ಎಂದೇ ಹೆಸರು. ಅದು ಬೇರೆ, ಇದು ಬೇರೆ. ಅದಕ್ಕೆ ಜೋಡಿ ತಂತಿಯ ಬ್ಯಾಕ್‌ನೆಟ್ ತಿಳಿಯದು. ಬಿಲ್ಲಿನಲ್ಲಿ ಬರೀ ರೂಟರ್ ಎಂದು ಬರೆಸಿದರೆ ಅಂಗಡಿಯವರು ಅದನ್ನೇ ಕಟ್ಟಿಕೊಡುತ್ತಾರೆ. ಮೊದಲ ಸಲ ನನಗೂ ಹಾಗೇ ಆಗಿ, ಮೈಸೂರಿಗೆ ಬಸ್ಸಿನಲ್ಲಿ ಎರಡು ಸಲ ಹೋಗಿ ಬರಬೇಕಾಯಿತು.

ಇನ್ನು ನನ್ನ ತಪ್ಪಿನ ಕಥೆ. ಅದನ್ನು ಮೊದಲೇ ಹೇಳಿಬಿಟ್ಟರೆ ಉಳಿದ ಪಾಠಕ್ಕೆ ಅರ್ಥ ಬರುತ್ತದೆ.

ಕಾಫಿ ಕೋಣೆಯ ರೂಟರನ್ನು ತಂತ್ರಜ್ಞರೊಬ್ಬರು ಬಂದು ಕೂರಿಸಿ ಹೋಗಿದ್ದರು. ಮರುವರ್ಷ, ಅಂದರೆ 2022ರ ಸೆಪ್ಟೆಂಬರಿನಲ್ಲಿ, ಅಡಿಕೆ ಕೋಣೆಗೆ ಎರಡನೆಯ ರೂಟರ್ ಬಂತು. ಕೂರಿಸುವ ಕೂಲಿ ಉಳಿಸೋಣವೆಂದು ನಾನೇ ಕೂರಿಸಿದೆ. ವಿಜ್ಞಾನ ಪದವೀಧರನೆಂಬ ಹಮ್ಮೂ ಸ್ವಲ್ಪ ಇತ್ತೆನ್ನಿ. ವಿಳಾಸ ಕೊಟ್ಟೆ, ತಂತಿ ಸಿಕ್ಕಿಸಿದೆ, ಪರದೆಯ ಮೇಲೆ ಅಂಕಿಗಳು ಬಂದವು, ಸಿಹಿ ಹಂಚಿದೆ. ಅಕ್ಟೋಬರಿನಲ್ಲಿ ಹಿಂಗಾರು ಹಿಡಿಯಿತು. ಬೆಲೆ ಏರಲಿ ಎಂದು ಬೆಟ್ಟದ ಸದಸ್ಯರು ಇಟ್ಟಿದ್ದ ಚೆರಿ ಕಾಫಿ ಆಗಲೂ ಗೋದಾಮಿನಲ್ಲಿತ್ತು. ಪರದೆಯ ಮೇಲೆ ಕಾಫಿ ಕೋಣೆಯ ಗಾಳಿಯ ತೇವಾಂಶ ನೂರಕ್ಕೆ 58 ಎಂದು ದಿನವೂ ತೋರಿಸುತ್ತಿತ್ತು. ಅಡಿಕೆ ಕೋಣೆಯಲ್ಲೂ 58. ಎರಡೂ ಕೋಣೆಗೆ ಒಂದೇ ಅಂಕಿ ಬರುತ್ತಿದ್ದುದನ್ನು ನಾನು ಕಂಡಿದ್ದೆ. ಒಂದೇ ಸೂರು, ಒಂದೇ ಗಾಳಿ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಒಂದು ಬೆಳಿಗ್ಗೆ ಗೋದಾಮು ಕಾಯುವವನು ಕಚೇರಿಯ ಬಾಗಿಲಿಗೆ ಬಂದು ಹೇಳಿದ. "ಬುದ್ಧೀ, ಕಂಪ್ಯೂಟ್ರು ಏನಾರ ಏಳ್ಲಿ, ಮೂಟ ತಣ್ಣಗದ ಕನ. ನೀವೇ ಬಂದು ಮುಟ್ಟಿ ನೋಡಿ."

ಹೋಗಿ ಕೈಯಿಟ್ಟೆ. ಮೂಟೆ ನಿಜವಾಗಿ ತಣ್ಣಗಿತ್ತು. ಕೈಮಾಪಕ ತಂದು ಹಿಡಿದರೆ ಕೋಣೆಯ ಗಾಳಿ 82! ಫ್ಯಾನಿನ ಸ್ವಿಚ್ಚನ್ನು ಯಾರೋ ಕೈಚಾಲನೆಗೆ ತಿರುಗಿಸಿ ಮರೆತಿದ್ದರು. ಮಳೆಯ ರಾತ್ರಿಗಳಲ್ಲೆಲ್ಲ ಅವು ತಿರುಗುತ್ತ, ಒಳಗಿನ ಗಾಳಿಯನ್ನು ಹೊರಗೆ ತಳ್ಳಿ ಕಿಟಕಿಯಿಂದ ಹೊರಗಿನ ಒದ್ದೆ ಗಾಳಿಯನ್ನು ಒಳಗೆಳೆಯುತ್ತಿದ್ದವು. ಅರೇಬಿಕ ಚೆರಿಯ ತೇವ ನೂರಕ್ಕೆ 10.5, ಪಾರ್ಚ್‌ಮೆಂಟಿನದು 10, ರೋಬಸ್ಟ ಚೆರಿಯದು 11 ಇರತಕ್ಕದ್ದೆಂಬುದು ನಿಮಗೆಲ್ಲ ಬಾಯಿಪಾಠ. ಗೋಡೆಯ ಪಕ್ಕದ ಸಾಲಿನ ಮೂಟೆಗಳಲ್ಲಿ ಅದು 14ರ ಆಚೆಗೆ ಹೋಗಿತ್ತು. ನಲವತ್ತು ಮೂಟೆಗಳನ್ನು ಬಿಚ್ಚಿ ಮತ್ತೆ ಡ್ರೈಯರಿಗೆ ಹಾಕಿದೆವು. ಹನ್ನೊಂದು ಮೂಟೆಗಳಲ್ಲಿ ಮುಗ್ಗಲು ವಾಸನೆ ಹೋಗಲೇ ಇಲ್ಲ, ಸಿಕ್ಕ ಬೆಲೆಗೆ ಕೊಟ್ಟೆವು. ಅವುಗಳ ಒಡೆಯರು ಹೆಚ್ಚಿನವರು ಬಿಳಿಗಿರಿರಂಗನ ಬೆಟ್ಟದ ಸಣ್ಣ ಹಿಡುವಳಿಯವರು. ಒಂದೊಂದು ಮೂಟೆಯೂ ಅವರಿಗೆ ಮಗುವಿನ ಶಾಲೆಯ ಲೆಕ್ಕ. ನಷ್ಟವನ್ನು ಸಂಘದ ಲೆಕ್ಕಕ್ಕೆ ಬರೆದೆವು. ಅದರಲ್ಲಿ ನನ್ನ ಗೌರವಧನದ ಭಾಗವೂ ಸೇರಿದೆ ಎಂಬುದು ಆಡಳಿತ ಮಂಡಳಿಯ ನಡವಳಿಯಲ್ಲಿದೆ.

ಆದದ್ದೇನು? ಎರಡನೆಯ ರೂಟರಿನಲ್ಲಿ ಜೋಡಿ ತಂತಿಯ ಕಡೆಯ ಜಾಲಸಂಖ್ಯೆಯನ್ನು ನಾನು ಬದಲಿಸಲಿಲ್ಲ. ಕಾರ್ಖಾನೆಯಿಂದ ಬಂದಾಗ ಅದು 2 ಇತ್ತು. ಮೊದಲನೆಯದರಲ್ಲೂ 2 ಇತ್ತು. ಕಂಪ್ಯೂಟರು "2ನೆಯ ಜಾಲಕ್ಕೆ ದಾರಿ ಯಾರ ಬಳಿ ಇದೆ?" ಎಂದು ಕೂಗಿ ಕೇಳಿದರೆ ಎರಡು ರೂಟರುಗಳೂ "ನನ್ನ ಬಳಿ" ಎಂದವು. ಕಂಪ್ಯೂಟರು ಕೊನೆಗೆ ಉತ್ತರಿಸಿದವರನ್ನು ನಂಬಿತು. ಕಾಫಿ ಕೋಣೆಯ 3ನೆಯ ಯಂತ್ರಕ್ಕೆಂದು ಬರೆದ ಪ್ರಶ್ನೆ ಅಡಿಕೆ ಕೋಣೆಯ ತಂತಿಗೆ ಹೋಯಿತು. ಅಲ್ಲಿಯೂ 3ನೆಯ ಯಂತ್ರ ತೇವಾಂಶ ಮಾಪಕವೇ ಆದ್ದರಿಂದ ಅದು ತನ್ನ ಅಂಕಿಯನ್ನು ಪ್ರಾಮಾಣಿಕವಾಗಿ ಹೇಳಿತು. ಒಂದೇ ಹೆಸರಿನ ಎರಡು ಹಳ್ಳಿಗಳಿದ್ದು, ಎರಡರಲ್ಲೂ ಒಬ್ಬೊಬ್ಬ ಮಾದಪ್ಪನಿದ್ದರೆ ಕಾಗದದ ಗತಿ ಏನೋ ಇದರದೂ ಅದೇ. ಯಂತ್ರಗಳಲ್ಲಿ ಯಾವುದೂ ಸುಳ್ಳು ಹೇಳಲಿಲ್ಲ. ಹಾಳಾದ ಯಂತ್ರವಾದರೆ ಪರದೆ ಖಾಲಿ ಇದ್ದು ಎಚ್ಚರಿಸುತ್ತಿತ್ತು. ಈ ಬಗೆಯ ತಪ್ಪಿನಲ್ಲಿ ಪರದೆ ತುಂಬಿಯೇ ಇರುತ್ತದೆ.

ಈಗ ಕ್ರಮಕ್ಕೆ ಬರೋಣ.

ಡಬ್ಬ ಕೊಳ್ಳುವ ಮೊದಲು ಕಾಗದದ ಮೇಲೆ ನಕ್ಷೆ ಬರೆಯತಕ್ಕದ್ದು. ಯಾವ ಯಂತ್ರ ಎಲ್ಲಿದೆ, ತಂತಿ ಯಾವುದರಿಂದ ಯಾವುದಕ್ಕೆ ಹೋಗುತ್ತದೆ, ಅದರ ವಿಳಾಸ ಎಷ್ಟು, ಎಲ್ಲವೂ ಅದರಲ್ಲಿರಬೇಕು. ನಮ್ಮಲ್ಲಿ ಇದನ್ನು ಆಮೇಲೆ ಬರೆದರಾಯಿತೆಂಬ ಅಭ್ಯಾಸವಿದೆ. ಆಮೇಲೆ ಯಾರೂ ಬರೆಯುವುದಿಲ್ಲ.

ಜೋಡಿ ತಂತಿಯು ಹೆಣೆದದ್ದೂ ಮೇಲೆ ಲೋಹದ ಹೊದಿಕೆಯುಳ್ಳದ್ದೂ ಆಗಿರಬೇಕು. ಅದು ಯಂತ್ರದಿಂದ ಯಂತ್ರಕ್ಕೆ ಹೂಮಾಲೆಯ ದಾರದಂತೆ ಒಂದೇ ಎಳೆಯಾಗಿ ಹೋಗಬೇಕೇ ವಿನಾ ಮರದ ಕೊಂಬೆಯಂತೆ ಕವಲೊಡೆಯಬಾರದು. ಒಟ್ಟು ಉದ್ದ 1200 ಮೀಟರ್ ಮೀರಬಾರದು. ಎಳೆಯ ಎರಡು ತುದಿಗಳಲ್ಲಿ ಮಾತ್ರ 120 ಓಮಿನ ತಡೆ ಹಾಕಬೇಕು, ನಡುವೆ ಎಲ್ಲೂ ಬೇಡ. ಕೆಲವು ರೂಟರುಗಳಲ್ಲಿ ಈ ತಡೆ ಒಳಗೇ ಇದ್ದು ಸಣ್ಣ ಸ್ವಿಚ್ಚಿನಿಂದ ಹಾಕಿ ತೆಗೆಯಬಹುದು. ರೂಟರು ಎಳೆಯ ನಡುವಿನಲ್ಲಿದ್ದರೆ ಅದನ್ನು ತೆಗೆದಿಡಿ. ಪರೀಕ್ಷೆ ಸುಲಭ. ಎಲ್ಲ ಯಂತ್ರಗಳ ವಿದ್ಯುತ್ತನ್ನು ಆರಿಸಿ ಮಲ್ಟಿಮೀಟರನ್ನು ಎರಡು ತಂತಿಗಳ ಮಧ್ಯೆ ಹಿಡಿದರೆ ಸುಮಾರು 60 ಓಮ್ ತೋರಿಸಬೇಕು. 120 ತೋರಿಸಿದರೆ ಒಂದು ತುದಿಯ ತಡೆ ಇಲ್ಲ, 40 ತೋರಿಸಿದರೆ ಯಾರೋ ಮೂರನೆಯದನ್ನು ಹಾಕಿದ್ದಾರೆ. ಲೋಹದ ಹೊದಿಕೆಗೆ ಒಂದೇ ಕಡೆ ಅರ್ಥಿಂಗ್ ಕೊಡತಕ್ಕದ್ದು. ಧನ ಋಣ ತಂತಿಗಳನ್ನು ಒಂದೇ ಒಂದು ಯಂತ್ರದಲ್ಲಿ ಅದಲುಬದಲು ಮಾಡಿದರೂ ಇಡೀ ಸಾಲು ತಡವರಿಸುವುದುಂಟು. ಡ್ರೈಯರಿನ ತ್ರೀಫೇಸ್ ತಂತಿಯ ಜೊತೆಗೆ ಒಂದೇ ಕೊಳವೆಯಲ್ಲಿ ಇದನ್ನು ಎಳೆಯಬಾರದು. ಇಲಿಯ ವಿಷಯ ನಿಮಗೆ ಹೇಳಬೇಕಾಗಿಲ್ಲ, ಕೊಳವೆಯಿಲ್ಲದ ತಂತಿ ಅದಕ್ಕೆ ಕಬ್ಬಿನ ಜಲ್ಲೆ.

ರೂಟರನ್ನು ಗೋದಾಮಿನ ಕಡೆಯೇ ಕೂರಿಸುವುದು ಲೇಸು. ಅಲ್ಲಿಂದ ಕಚೇರಿಗೆ ತಾಮ್ರದ ಈಥರ್‌ನೆಟ್ ಕೇಬಲ್ ಎಳೆಯಬಹುದಿತ್ತು, ಆದರೆ ಅದರ ಮಿತಿ 100 ಮೀಟರ್. ಆದ್ದರಿಂದ ಗಾಜಿನೆಳೆಯ ಕೇಬಲ್ ಎಳೆದು ಎರಡು ತುದಿಗೂ ಪರಿವರ್ತಕ ಹಾಕಿದೆವು. ಖರ್ಚು ಹೆಚ್ಚಾಯಿತೆಂದು ಕೆಲವರು ಗೊಣಗಿದರು. ಹೂಮಳೆಯ ಕಾಲದಲ್ಲಿ ನಮ್ಮ ಕಡೆ ಗುಡುಗು ಸಿಡಿಲು ಹೇಗಿರುತ್ತವೆಂದು ಅವರೇ ಬಲ್ಲರು. ತಾಮ್ರ ಸಿಡಿಲಿನ ಹೊಡೆತವನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೊತ್ತೊಯ್ಯುತ್ತದೆ, ಗಾಜು ಒಯ್ಯುವುದಿಲ್ಲ. ಡಬ್ಬವನ್ನು ಧೂಳು ಹೊಗದ ಪೆಟ್ಟಿಗೆಯಲ್ಲಿ, ಡ್ರೈಯರಿನ ಕಾವು ತಾಗದಷ್ಟು ದೂರದಲ್ಲಿ ಇಡಬೇಕು. ಸಣ್ಣದೊಂದು ಬ್ಯಾಟರಿ ಬೆಂಬಲವೂ ಬೇಕು, ಇಲ್ಲದಿದ್ದರೆ ಕರೆಂಟ್ ಹೋಗಿ ಜನರೇಟರ್ ಹಿಡಿಯುವ ತನಕ ಕಚೇರಿಗೆ ಏನೂ ಕಾಣದು.

ಇನ್ನು ಸಂಖ್ಯೆಗಳನ್ನು ಕೊಡುವ ಕೆಲಸ. ನಾನು ಎಡವಿದ್ದು ಇಲ್ಲಿಯೇ ಆದ್ದರಿಂದ ಸ್ವಲ್ಪ ನಿಧಾನಿಸುತ್ತೇನೆ. ಹೊಸ ರೂಟರನ್ನು ಜಾಲಕ್ಕೆ ಸೇರಿಸುವ ಮುನ್ನ ಒಂದು ಲ್ಯಾಪ್‌ಟಾಪಿಗೆ ನೇರವಾಗಿ ಕಟ್ಟಿಕೊಳ್ಳಿ. ಕೈಪಿಡಿಯಲ್ಲಿ ಕಾರ್ಖಾನೆಯ ವಿಳಾಸ ಬರೆದಿರುತ್ತದೆ. ಲ್ಯಾಪ್‌ಟಾಪಿಗೂ ಅದೇ ಸರಣಿಯ ಬೇರೊಂದು ವಿಳಾಸ ಕೊಟ್ಟರೆ ರೂಟರಿನ ಪುಟ ತೆರೆಯುತ್ತದೆ. ತೆರೆದೊಡನೆ ಗುಪ್ತಪದ ಬದಲಿಸಿ. ಅನಂತರ ಸ್ಥಿರವಾದ ಐ.ಪಿ. ವಿಳಾಸ ಕೊಡಿ. ನಮ್ಮಲ್ಲಿ ಕಂಪ್ಯೂಟರು 192.168.10.10, ಕಾಫಿಯ ರೂಟರು 192.168.10.20, ಅಡಿಕೆಯದು 192.168.10.21, ಎಲ್ಲಕ್ಕೂ ಮುಸುಕು 255.255.255.0. ಕಚೇರಿಯ ಇಂಟರ್‌ನೆಟ್ ಡಬ್ಬವು ಬಂದವರ ಮೊಬೈಲಿಗೆಲ್ಲ ತಾನಾಗಿ ವಿಳಾಸ ಹಂಚುತ್ತದಲ್ಲ, ಅದಕ್ಕೆ 100ರಿಂದ 200ರವರೆಗಿನ ಅಂಕಿಗಳನ್ನು ಮಾತ್ರ ಬಿಟ್ಟಿದ್ದೇವೆ. ಹೀಗೆ ಬೇರ್ಪಡಿಸದಿದ್ದರೆ ಯಾರದೋ ಮೊಬೈಲಿಗೆ ರೂಟರಿನ ವಿಳಾಸವೇ ದಕ್ಕಿ ಎರಡೂ ಕೆಡುತ್ತವೆ.

ಬ್ಯಾಕ್‌ನೆಟ್ಟಿನ ಬಾಗಿಲ ಸಂಖ್ಯೆ 47808. ಇದನ್ನು ಹದಿನಾರರ ಮೂಲದ ಲೆಕ್ಕದಲ್ಲಿ ಬರೆದರೆ ಬಿ, ಎ, ಸಿ, ಸೊನ್ನೆ ಎಂದಾಗುತ್ತದೆ. ಎಂಜಿನಿಯರುಗಳಿಗೂ ತಮಾಷೆ ಗೊತ್ತು ಎಂಬುದಕ್ಕೆ ಇದೊಂದು ಸಾಕ್ಷಿ. ಕಾರಣವಿಲ್ಲದೆ ಅದನ್ನು ಬದಲಿಸಬೇಡಿ.

ಆಮೇಲೆ ಜಾಲಸಂಖ್ಯೆ. 1ರಿಂದ 65534ರವರೆಗೆ ಯಾವುದನ್ನಾದರೂ ಕೊಡಬಹುದು. ಒಂದು ತಂತಿಗೆ ಒಂದು ಸಂಖ್ಯೆ. ಬೇರೆ ತಂತಿಗೆ ಬೇರೆ ಸಂಖ್ಯೆ. ಎರಡು ರೂಟರುಗಳ ಕಚೇರಿಯ ಕಡೆಯ ಮುಖ ಒಂದೇ ಈಥರ್‌ನೆಟ್ ಜಾಲಕ್ಕೆ ಸೇರಿರುವುದರಿಂದ ಆ ಕಡೆ ಎರಡಕ್ಕೂ ಒಂದೇ ಸಂಖ್ಯೆ ಇರಬೇಕು, ನಮ್ಮಲ್ಲಿ ಅದು 1. ಗೋದಾಮಿನ ಕಡೆ ಕಾಫಿಯ ತಂತಿಗೆ 101, ಅಡಿಕೆಯ ತಂತಿಗೆ 102. ಒಂದು ಕಡೆ ಒಂದೇ ಇರಬೇಕು, ಇನ್ನೊಂದು ಕಡೆ ಬೇರೆ ಇರಬೇಕು ಎಂಬುದು ಮೊದಲ ಸಲ ತಲೆಗೆ ಹತ್ತುವುದಿಲ್ಲ. ಸಂಖ್ಯೆ ಡಬ್ಬದ್ದಲ್ಲ, ತಂತಿಯದು ಎಂದು ನೆನಪಿಟ್ಟರೆ ಗೊಂದಲ ಬಗೆಹರಿಯುತ್ತದೆ. ಒಂದು ಜಾಲದಿಂದ ಇನ್ನೊಂದಕ್ಕೆ ದಾರಿ ಒಂದೇ ಇರಬೇಕೆಂಬುದೂ ನಿಯಮ. ಒಂದು ಕೆಟ್ಟರೆ ಇನ್ನೊಂದಿರಲೆಂದು ಅದೇ ತಂತಿಗೆ ಎರಡನೆಯ ರೂಟರ್ ಕಟ್ಟಿದರೆ ಕೂಗಿದ ಮಾತು ಸುತ್ತಿ ಸುತ್ತಿ ಬಂದು ಜಾಲವೇ ಉಸಿರುಗಟ್ಟುತ್ತದೆ.

ಜೋಡಿ ತಂತಿಯ ಮೇಲಿನ ಪ್ರತಿಯೊಂದು ಯಂತ್ರಕ್ಕೂ ಆ ತಂತಿಯ ಮಟ್ಟಿಗೆ ಬೇರೆಬೇರೆ ವಿಳಾಸ ಬೇಕು. ಟೋಕನ್ ಹಿಡಿಯುವ ಯಂತ್ರಗಳಿಗೆ 0ಯಿಂದ 127ರವರೆಗೆ ಅವಕಾಶ. ರೂಟರಿಗೆ 0, ಉಳಿದವಕ್ಕೆ 1ರಿಂದ ಸಾಲಾಗಿ ಕೊಟ್ಟಿದ್ದೇವೆ. ವೇಗ ಎಲ್ಲಕ್ಕೂ ಒಂದೇ ಇರಬೇಕು, ನಮ್ಮದು 38400. ಗರಿಷ್ಠ ವಿಳಾಸ ಎಂಬ ಇನ್ನೊಂದು ಅಂಕಿಯಿದೆ. ಅದು 127ರಲ್ಲೇ ಉಳಿದರೆ ಯಂತ್ರಗಳು ಇಲ್ಲದ ನೆರೆಯವರನ್ನೆಲ್ಲ ಆಗಾಗ ಕೂಗಿ ಹೊತ್ತು ಕಳೆಯುತ್ತವೆ. ನಾವು 15ಕ್ಕೆ ಇಳಿಸಿದ್ದೇವೆ. ನಾಳೆ ಯಾರಾದರೂ 20ನೆಯ ವಿಳಾಸದ ಯಂತ್ರ ತಂದು ಕಟ್ಟಿದರೆ ಅದಕ್ಕೆ ಟೋಕನ್ ಎಂದಿಗೂ ಸಿಗದು ಎಂಬುದನ್ನೂ ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದೇವೆ.

ಇದಲ್ಲದೆ ಯಂತ್ರಕ್ಕೊಂದು ಗುರುತಿನ ಸಂಖ್ಯೆಯಿದೆ. ಅದು ಇಡೀ ವ್ಯವಸ್ಥೆಯಲ್ಲಿ ಒಂದೇ ಒಂದಿರಬೇಕು, 4194302ರವರೆಗೆ ಕೊಡಬಹುದು. ಜಾಲಸಂಖ್ಯೆಯ ಮುಂದೆ ವಿಳಾಸವನ್ನು ಮೂರಂಕಿಯಲ್ಲಿ ಬರೆಯುವ ಪದ್ಧತಿ ಮಾಡಿಕೊಂಡೆವು. 101003 ಎಂದರೆ ಕಾಫಿ ತಂತಿಯ 3ನೆಯ ಯಂತ್ರ, 102003 ಎಂದರೆ ಅಡಿಕೆಯದು. ಗುಮಾಸ್ತರಿಗೆ ಅಂಕಿ ನೋಡಿದೊಡನೆ ಜಾಗ ತಿಳಿಯುತ್ತದೆ.

ಎಲ್ಲ ಮುಗಿದ ಮೇಲೆ ಪರೀಕ್ಷೆ. ಕಂಪ್ಯೂಟರಿನಿಂದ "ಯಾರಿದ್ದೀರಿ?" ಎಂಬ ಕೂಗು ಹಾಕಿದರೆ ಒಂಬತ್ತು ನಿಯಂತ್ರಕಗಳೂ "ನಾನಿದ್ದೇನೆ" ಎನ್ನಬೇಕು. ಕೆಲವು ರೂಟರುಗಳೂ ತಮ್ಮದೇ ಗುರುತಿನಿಂದ ಉತ್ತರಿಸುವುದುಂಟು, ಅವನ್ನು ಬಿಟ್ಟು ಎಣಿಸಿ. ಇಷ್ಟಕ್ಕೇ ನಿಲ್ಲಿಸಬೇಡಿ, ನಾನು ನಿಲ್ಲಿಸಿದ್ದು ಇಲ್ಲಿಯೇ. ಒಬ್ಬರು ಕಚೇರಿಯಲ್ಲಿ ಪರದೆ ನೋಡುತ್ತಿರಲಿ, ಇನ್ನೊಬ್ಬರು ಗೋದಾಮಿಗೆ ಹೋಗಿ ಒಂದೊಂದೇ ಮಾಪಕದ ಬಳಿ ಹಿಂಡಿದ ಒದ್ದೆ ಬಟ್ಟೆ ಹಿಡಿಯಲಿ. ಅದೇ ಕೋಣೆಯ ಅಂಕಿ ಏರಬೇಕು, ಪಕ್ಕದ ಕೋಣೆಯದು ಏರಬಾರದು. ಆಮೇಲೆ ಒಂದೊಂದೇ ಯಂತ್ರದ ತಂತಿ ಕಳಚಿ, ಪರದೆಯಲ್ಲಿ ಅದೇ ಯಂತ್ರ ಮಾಯವಾಯಿತೇ ಎಂದು ನೋಡತಕ್ಕದ್ದು. ಅರ್ಧ ಗಂಟೆಯ ಕೆಲಸ. 2022ರಲ್ಲಿ ಒಂದು ಒದ್ದೆ ಬಟ್ಟೆ ಹಿಡಿದಿದ್ದರೆ ಆ ಹನ್ನೊಂದು ಮೂಟೆಗಳು ಉಳಿಯುತ್ತಿದ್ದವು.

ಚಾಮರಾಜನಗರದ ಶಾಖೆಯ ಗೋದಾಮನ್ನೂ ಇದಕ್ಕೆ ಸೇರಿಸಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿದೆ. ಅಲ್ಲಿನ ಸರಣಿ 192.168.20 ಆಗುತ್ತದೆ. ಎರಡು ಸರಣಿಗಳ ನಡುವೆ ಸಾಮಾನ್ಯ ಇಂಟರ್‌ನೆಟ್ ಡಬ್ಬಗಳು ಕೂಗಿದ ಮಾತನ್ನು ದಾಟಿಸುವುದಿಲ್ಲ, ಹೆಸರಿಟ್ಟು ಬರೆದ ಕಾಗದವನ್ನು ಮಾತ್ರ ದಾಟಿಸುತ್ತವೆ. ಆದ್ದರಿಂದ ಎರಡೂ ಕಡೆ ಒಂದೊಂದು ರೂಟರಿಗೆ, ತನ್ನ ಕಡೆಯ ಕೂಗನ್ನು ಕಾಗದ ಮಾಡಿ ಆ ಕಡೆಯ ಜೊತೆಗಾರನಿಗೆ ಕಳಿಸುವ ಹೆಚ್ಚಿನ ಕೆಲಸ ಒಪ್ಪಿಸಬೇಕು. ಇದಕ್ಕೆ ಬಿ.ಬಿ.ಎಂ.ಡಿ. ಎನ್ನುತ್ತಾರೆ. ಒಂದು ಸರಣಿಗೆ ಒಂದೇ ಸಾಕು, ಎರಡಾದರೆ ಕೂಗು ಇಮ್ಮಡಿಸುತ್ತದೆ. ಶಾಖೆಯ ತಂತಿಗೆ 201 ಎಂಬ ಸಂಖ್ಯೆಯನ್ನು ಈಗಲೇ ಕಾದಿರಿಸಿದ್ದೇವೆ. ಎರಡು ಊರುಗಳ ನಡುವಣ ಸಂಪರ್ಕ ವಿ.ಪಿ.ಎನ್. ಎಂಬ ಬೀಗ ಹಾಕಿದ ದಾರಿಯಲ್ಲೇ ಆಗಬೇಕು. ದೂರದಿಂದ ನೋಡಲು ಅನುಕೂಲವೆಂದು 47808ರ ಬಾಗಿಲನ್ನು ಇಂಟರ್‌ನೆಟ್ಟಿಗೆ ತೆರೆದಿಡಲು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ. ಈ ಹಳೆಯ ಕ್ರಮದಲ್ಲಿ ಬಂದವರು ಯಾರೆಂದು ಕೇಳುವ ಪದ್ಧತಿಯೇ ಇಲ್ಲ, ಯಾರು ಬೇಕಾದರೂ ನಮ್ಮ ಡ್ರೈಯರನ್ನು ಹಚ್ಚಬಹುದು, ಆರಿಸಬಹುದು. 2020ರ ನಿಯಮಾವಳಿಯಲ್ಲಿ ಬೀಗಮುದ್ರೆಯ ಹೊಸ ಕ್ರಮ ಸೇರಿದೆ. ನಮ್ಮ ಈಗಿನ ಡಬ್ಬಗಳಲ್ಲಿ ಅದಿಲ್ಲ, ಮುಂದೆ ಕೊಳ್ಳುವುದರಲ್ಲಿ ಕೇಳಿ ತೆಗೆದುಕೊಳ್ಳುತ್ತೇವೆ.

ರೂಟರುಗಳ ಸಂಯೋಜನೆಯ ಪ್ರತಿಯನ್ನು ಪೆನ್‌ಡ್ರೈವಿನಲ್ಲಿಯೂ, ಗುಪ್ತಪದವನ್ನು ಮೊಹರು ಮಾಡಿದ ಲಕೋಟೆಯಲ್ಲಿಯೂ ಸಂಘದ ತಿಜೋರಿಯಲ್ಲಿಡಲಾಗಿದೆ. ಕಾರ್ಯದರ್ಶಿ ಬದಲಾದರೂ ಅದು ಅಲ್ಲೇ ಇರತಕ್ಕದ್ದು. ಗೋದಾಮಿನ ಬಾಗಿಲಲ್ಲಿ ಒಂದು ರಿಜಿಸ್ಟರ್ ಇಟ್ಟು, ಬೆಳಿಗ್ಗೆ ಎಂಟಕ್ಕೂ ಸಂಜೆ ಆರಕ್ಕೂ ಕೈಮಾಪಕದ ಅಂಕಿಯನ್ನು ಬರೆಯುವ ಕೆಲಸವನ್ನು, ಅಂದು ಮೂಟೆ ಮುಟ್ಟಿ ಬಂದು ಹೇಳಿದನಲ್ಲ, ಅವನಿಗೇ ಒಪ್ಪಿಸಿದೆ. ಪರದೆಯ ಅಂಕಿಗೂ ಅವನ ಅಂಕಿಗೂ ಐದಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಕಚೇರಿಯವರು ಆ ದಿನವೇ ಗೋದಾಮಿಗೆ ಹೋಗಿ ನೋಡಬೇಕೆಂದು ಮಂಡಳಿಯ ಆದೇಶವಾಗಿದೆ. ಸದಸ್ಯರು ಮೂಟೆ ಇಡಲು ಬಂದಾಗ ಆ ರಿಜಿಸ್ಟರನ್ನು ಕೇಳಿ ನೋಡಬಹುದು. ಶಾಖೆಯ ತಂತಿ ಎಳೆಯುವ ಕೆಲಸಕ್ಕೆ ಬರಲು ಇಚ್ಛೆಯುಳ್ಳ ಸದಸ್ಯರ ಮಕ್ಕಳು ತಮ್ಮ ಹೆಸರನ್ನು ಕಚೇರಿಯಲ್ಲಿ ಬರೆಸತಕ್ಕದ್ದು. ಮಲ್ಟಿಮೀಟರ್ ಇದ್ದವರು ಜೊತೆಗೆ ತರಲಿ, ಸಂಘದಲ್ಲಿರುವುದು ಒಂದೇ.